ಬಾಗಿಲ ಮೊಳೆಯ ಕೊಡೆ

ವೆಲ್ಲವತ್ತೆ

ಗಂಗಪ್ಪ ಬಾಗಿಲಲ್ಲಿ ಕೆಮ್ಮಿದಾಗ ನಾನು ತೆಂಗಿನಕಾಯಿ ತುರಿಯುತ್ತಿದ್ದೆ. ಒಂದು ಹೋಳು ಮುಗಿದು ಇನ್ನೊಂದು ಕೈಯಲ್ಲಿತ್ತು. ಕೊಲಂಬೊದಲ್ಲಿ ಇದ್ದಷ್ಟು ವರ್ಷವೂ ನನ್ನ ಬೆಳಗು ಹಾಗೆಯೇ ಶುರುವಾಗುತ್ತಿತ್ತು. ದೇವರ ಮುಂದೆ ದೀಪ, ಆಮೇಲೆ ತೆಂಗಿನಕಾಯಿ. ಅಲ್ಲಿಯ ತುರಿಮಣೆ ನಮ್ಮ ಈಳಿಗೆಮಣೆಯ ಹಾಗಲ್ಲ. ಅದು ಗಿಡ್ಡ ಕಾಲಿನ ಪೀಠ. ಮುಂದಕ್ಕೆ ಕಬ್ಬಿಣದ ಕತ್ತು ಚಾಚಿಕೊಂಡು, ತುದಿಯಲ್ಲಿ ಹಲ್ಲು ಬಿಟ್ಟುಕೊಂಡಿರುತ್ತದೆ. ಮೊದಮೊದಲು ಅದರ ಮೇಲೆ ಕೂರಲು ನನಗೆ ನಾಚಿಕೆಯಾಗುತ್ತಿತ್ತು. ಆಮೇಲೆ ಆ ಮನೆಯಲ್ಲಿ ನನ್ನದು ಅಂತ ಇದ್ದ ಜಾಗ ಅದೊಂದೇ ಆಯಿತು.

ನಮ್ಮ ಯಜಮಾನರು ದೊಡ್ಡಬಳ್ಳಾಪುರದ ನೇಯ್ಗೆಯವರು. ಊರಲ್ಲಿ ಕೈಮಗ್ಗದ ಮೇಲೆ ಕೂತಿದ್ದವರು ಸಿಲೋನಿನ ಒಂದು ಬಟ್ಟೆ ಗಿರಣಿಯಲ್ಲಿ ಮಗ್ಗದ ಮೇಸ್ತ್ರಿಯಾದರು. ಕೊಲಂಬೊದ ಅಂಚಿನ ವೆಲ್ಲವತ್ತೆಯಲ್ಲಿ, ಗಿರಣಿಯ ಶಬ್ದ ಕೇಳುವಷ್ಟು ದೂರದ ಸಾಲುಮನೆಗಳಲ್ಲಿ ನಮ್ಮದೂ ಒಂದು. ಗಂಗಪ್ಪನೂ ನಮ್ಮೂರಿನವನೇ, ಅದೇ ಗಿರಣಿಯ ಕೆಲಸದವನು. ರಜೆಗೆ ಊರಿಗೆ ಹೋಗಿ ಆ ದಿನವಷ್ಟೇ ಬಂದಿಳಿದಿದ್ದ. ಕೈಯಲ್ಲಿ ನಮ್ಮತ್ತೆ ಕಳಿಸಿದ್ದ ಹುರಿಹಿಟ್ಟಿನ ಗಂಟಿತ್ತು.

"ತಗಳಿ ಅಕ್ಕಾ. ನಿಮ್ಮತ್ತೆ ಕೊಟ್ಟವ್ರೆ. ಹಡಗಿನಲ್ಲಿ ಎಲ್ಲಿ ಒದ್ದೆ ಆಗೋಯ್ತದೋ ಅಂತ ತೊಡೆ ಮ್ಯಾಲೇ ಮಡಿಕ್ಕಂಡು ಬಂದೆ."

"ಊರಲ್ಲಿ ಎಲ್ಲ ಚೆನ್ನಾಗಿದ್ದಾರಾ ಗಂಗಪ್ಪ?"

"ಎಲ್ಲ ಚೆಂದಾಗವ್ರೆ. ನಿಮ್ಮ ಗೌರೀನ ಸಂತೇಲಿ ನೋಡ್ದೆ, ಎಷ್ಟುದ್ದ ಬೆಳ್ದುಬಿಟ್ಟವ್ಳೆ." ಅವನು ಜಗಲಿಯ ಮೇಲೆ ಕೂತು ಬೆವರು ಒರೆಸಿಕೊಂಡ. "ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಬಿಡಿ ಅಕ್ಕಾ. ಯಾರೋ ಹೊರಗಿನೋಳು ಸವತಿಯಾಗಿ ಬರೋದ್ಕಿಂತ ಸ್ವಂತ ತಂಗಿನೇ ಬರೋದು ವಾಸಿ."

ಗೌರಿ ನನ್ನ ತಂಗಿ. ನಾನು ಮದುವೆಯಾಗಿ ತೂಬಗೆರೆಯಿಂದ ಹೊರಟಾಗ ಗಾಡಿಯ ಹಿಂದೆ ಓಡಿ ಬಂದು ಬಿದ್ದು ಮೊಣಕಾಲು ಕೆತ್ತಿಸಿಕೊಂಡವಳು.

ನಾನು ಕೈಯ ಹೋಳನ್ನು ಹಾಗೇ ಹಿಡಿದು ಅವನ ಮುಖ ನೋಡಿದೆ. ಅವನಿಗೆ ಆಗ ಗೊತ್ತಾಯಿತು.

"ಯಾಕೆ ಅಕ್ಕಾ, ಅಣ್ಣ ಹೇಳಿಲ್ವಾ?"

"ಹೇಳಿದ್ದಾರೆ" ಅಂದೆ.

ಅವನು ಕಾಫಿಯನ್ನು ಬಿಸಿಬಿಸಿಯೇ ನುಂಗಿ ಎದ್ದುಹೋದ. ನಾನು ಮತ್ತೆ ತುರಿಯಲು ಕೂತೆ. ಬಿಳಿ ಮುಗಿದು ಕಂದು ಬಂತು, ಆಮೇಲೆ ಕರಟವೇ ಕೆರೆಯಿತು. ಅವತ್ತಿನ ಪಲ್ಯದಲ್ಲಿ ಕಂದು ಚೂರುಗಳೇ ತುಂಬಿದ್ದವು. ನಮ್ಮ ಯಜಮಾನರು ಮಧ್ಯಾಹ್ನ ಬಂದು ಉಣ್ಣಲು ಕೂತವರು ತಟ್ಟೆ ನೋಡಿ, "ಇದೇನಿದು, ಕಾಯಿ ಹಿಂಗ್ ತುರಿದಿದ್ದೀಯ?" ಅಂದರು.

"ಗಂಗಪ್ಪ ಬಂದಿದ್ದ. ಹುರಿಹಿಟ್ಟು ಕೊಟ್ಟ. ಗೌರಿ ವಿಚಾರಾನೂ ಕೊಟ್ಟ."

ಅವರು ಅನ್ನ ಕಲಸುತ್ತಲೇ ಇದ್ದರು. ಬಹಳ ಹೊತ್ತು ಕಲಸಿದರು. "ಹೇಳೋಣ ಅಂತಲೇ ಇದ್ದೆ. ಅವ್ವ ಹಟ ಹಿಡಿದವ್ಳೆ. ನಿಮ್ಮಪ್ಪನೂ ಒಪ್ಪವ್ರೆ. ಗಿರಣೀಲಿ ಕೆಲಸ ಬಿಡ್ತೀನಿ, ಊರಿಗೆ ಹೋಗ್ತೀನಿ ಅಂತ ಹೇಳಾಯ್ತು. ನಿನ್ನೇನು ಬಿಟ್ಬಿಡ್ತೀನಾ? ಮನೇಲಿ ಒಂದು ಮಗು ಆಡ್ಲಿ ಅಂತ ಅಷ್ಟೆ."

"ಮೂರು ಜನ ಸೇರಿ ಮಾತಾಡಿಕೊಂಡಿದ್ದೀರಿ. ನಾಲ್ಕನೆಯವಳಿಗೆ ಗಂಗಪ್ಪ ಹೇಳಬೇಕಾಯ್ತು."

ಅವರು ಕೈ ತೊಳೆದು ಟವಲಿಗೆ ಒರೆಸುತ್ತ, "ಕಾಯಿ ಮಾತ್ರ ನೀನೇ ಹಾಕಬೇಕು. ಗೊತ್ತಲ್ಲ" ಅಂದು ಗಿರಣಿಗೆ ಹೋದರು.

ಗೊತ್ತಿತ್ತು. ನಮ್ಮ ನೆಂಟರಲ್ಲಿ ಅದೊಂದು ಕಟ್ಟಳೆ. ಹೆಂಡತಿ ಬದುಕಿರುವಾಗ ಇನ್ನೊಬ್ಬಳನ್ನು ತರಬೇಕಾದರೆ, ಮೊದಲನೆಯವಳು ಹಿರಿಯರೆದುರು ತನ್ನ ಕೈಯಿಂದಲೇ ಆ ಹುಡುಗಿಯ ಮಡಿಲಿಗೆ ತೆಂಗಿನಕಾಯಿ, ವೀಳ್ಯದೆಲೆ ಹಾಕಬೇಕು. ಅವಳ ಕೈ ಬೀಳದೆ ಹಿರಿಯರು ಮದುವೆಯ ಮಾತಿಗೇ ಕೂರುವುದಿಲ್ಲ. ಹೆಂಗಸಿಗೆ ಮರ್ಯಾದೆ ಅನ್ನುತ್ತಾರೆ ಇದಕ್ಕೆ. ಊರಿಗೆ ಹೋಗಿ ನಾನು ಮಾಡಬೇಕಾಗಿದ್ದ ಕೆಲಸ ಅದು: ನನ್ನ ಗೌರಿಯ ಮಡಿಲಿಗೆ ನಾನೇ ಕಾಯಿ ಹಾಕುವುದು.

ಹಡಗಿಗೆ ಇನ್ನೂ ಕೆಲವು ವಾರಗಳಿದ್ದವು. ಕೊಲಂಬೊ ನೋಡಿದ್ದೀರಾ, ಹೇಗಿದೆ ಅಂತ ಈಗಲೂ ನನ್ನನ್ನು ಕೇಳುತ್ತಾರೆ. ನಾನು ಅದನ್ನು ಸರಿಯಾಗಿ ನೋಡಿದ್ದು ಆ ವಾರಗಳಲ್ಲೇ.

ನಲ್ಲಿಕಟ್ಟೆ

ಸಾಲಿಗೆಲ್ಲ ಒಂದೇ ನಲ್ಲಿ. ಅಲ್ಲಿ ತಮಿಳರು, ಮಲಯಾಳಿಗಳು, ಸಿಂಹಳದವರು, ನಾನೊಬ್ಬಳು ಮೈಸೂರಿನವಳು. ಕೊಡ ಮುಂದೆ ಇಟ್ಟವರ ಮೇಲೆ ಜಗಳವಾಗುತ್ತಿತ್ತು, ಯುದ್ಧ ಮುಗಿದರೂ ಮುಗಿಯದ ರೇಷನ್ ಅಕ್ಕಿಯ ಮಾತಾಗುತ್ತಿತ್ತು. ಆದರೆ "ನಿಮಗೆ ಮಕ್ಕಳೆಷ್ಟು?" ಎಂದು ಅಲ್ಲಿ ಒಬ್ಬರಾದರೂ ಕೇಳಿದ್ದು ನೆನಪಿಲ್ಲ. ಮೊದಲು ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಹೊರಡುವ ಸುದ್ದಿ ಬಂದ ಮೇಲೆ, ಕೊಡ ತುಂಬುವುದನ್ನು ಕಾಯುತ್ತ ನಿಂತಾಗ, ಭುಜದ ಮೇಲೆ ಏನೋ ಒಂದು ಭಾರ ಇಷ್ಟು ವರ್ಷ ಇರಲಿಲ್ಲವಲ್ಲ ಅನ್ನಿಸಿತು. ದೇವರು ಅಷ್ಟು ವರ್ಷ ಕೊಟ್ಟ. ಅದಕ್ಕೆ ಕೈ ಮುಗಿದೆ.

ಪಕ್ಕದ ಮನೆಯವಳು ಕಿರಿಮೆಣಿಕೆ. ಕ್ಯಾಂಡಿಯ ಬೆಟ್ಟದ ಕಡೆಯ ಸಿಂಹಳದವಳು, ನನಗಿಂತ ಹತ್ತು ವರ್ಷವಾದರೂ ದೊಡ್ಡವಳು. ಬೆಳಗ್ಗೆ ಬಾಗಿಲಲ್ಲಿ ಒಲೆ ಹೂಡಿ ಆಪ್ಪ, ಅಂದರೆ ಅಕ್ಕಿಹಿಟ್ಟು ಕಾಯಿಹಾಲಿನ ಬಟ್ಟಲುದೋಸೆ, ಸುಟ್ಟು ಮಾರುತ್ತಿದ್ದಳು. ಅವಳಿಗೂ ಅರೆಬರೆ ತಮಿಳು, ನನಗೂ ಅರೆಬರೆ ತಮಿಳು. ಅದರಲ್ಲೇ ನಮ್ಮ ಸಂಸಾರದ ಮಾತೆಲ್ಲ. ನನ್ನನ್ನು ಅವಳು "ನಂಗಿ" ಎನ್ನುತ್ತಿದ್ದಳು. ಅವರ ಮಾತಿನಲ್ಲಿ ತಂಗಿ ಅಂತ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಅದು ಅವರಲ್ಲೂ ಅಕ್ಕನೇ.

ನಾನು ಹೊಸತಾಗಿ ಬಂದಾಗ ಅವಳು ಆಪ್ಪದ ಜೊತೆ ಕೆಂಪಗಿನ ಕಾಯಿಚಟ್ನಿ ಕೊಟ್ಟಿದ್ದಳು. ಹುಳಿ, ಖಾರ, ಮಧ್ಯೆ ಏನೋ ಮರದ ಸಿಪ್ಪೆಯಂಥದ್ದು. ಎರಡು ಸಲ ಕೇಳಿ ಹಾಕಿಸಿಕೊಂಡು ತಿಂದೆ. ಆ ಸಿಪ್ಪೆ ಯಾವ ಮರದ್ದು ಅಂತ ಕೇಳಿದ್ದಕ್ಕೆ ಅವಳು ಒಣಮೀನಿನ ತುಂಡೊಂದನ್ನು ತಂದು ತೋರಿಸಿದಳು. ನಾನು ನಲ್ಲಿಯ ಕೆಳಗೆ ಸೀರೆ ಸಮೇತ ಕೂತುಬಿಟ್ಟೆ. ಗಂಡನಿಗೆ ಹೇಗೆ ಹೇಳುವುದು ಅಂತ ಅಳುತ್ತಿದ್ದರೆ ಅವರು, "ಅಯ್ಯೋ, ಅದಾ? ನಾನು ಗಿರಣೀಲಿ ದಿನಾ ತಿಂತೀನಿ" ಅಂದರು. ಅವತ್ತಿನಿಂದ ಕಿರಿಮೆಣಿಕೆ ನನಗೆಂದೇ ಬೇರೆ ಅರೆಯುವ ಕಲ್ಲಿಟ್ಟಳು. ಅದನ್ನು ಮೀನು ಮುಟ್ಟಲಿಲ್ಲ. ಊರಲ್ಲಿ ಸ್ವಂತ ನೆಂಟರೂ ನನಗಾಗಿ ಒಂದು ಕಲ್ಲು ಬೇರೆ ಇಟ್ಟಿರಲಿಲ್ಲ.

ಅವಳ ಗಂಡ ಬಂಡಾ, ಯಾವುದೋ ಗೋಡೌನಿನ ಕಾವಲುಗಾರ. ಮಾತು ಕಡಿಮೆ, ನಗು ಜಾಸ್ತಿ. ಅವರ ಮನೆಯ ಬಾಗಿಲ ಪಕ್ಕ ಒಂದು ಮೊಳೆಗೆ ಕರಿ ಕೊಡೆ, ಅದರ ಕೆಳಗೆ ಲಾಂದ್ರ ಮತ್ತು ಊರುಗೋಲು. ನಾನು ಮಳೆಗೆ ಅಂದುಕೊಂಡಿದ್ದೆ. ಕೊಲಂಬೊದಲ್ಲಿ ಮಳೆ ಹೇಳಿಕೇಳಿ ಬರುವುದಿಲ್ಲ. ಗೌರಿಯ ಸುದ್ದಿಯನ್ನು ನಾನು ಅವಳಿಗೆ ಹೇಳಿದ ದಿನ, ಅವಳು ಆಪ್ಪದ ಬಾಣಲೆಯನ್ನು ಒಲೆಯಿಂದ ಇಳಿಸಿ ಆ ಕೊಡೆಯ ಕಡೆ ಕೈ ತೋರಿಸಿದಳು.

"ಅದು ಯಾಕೆ ಅಲ್ಲಿದೆ ಗೊತ್ತಾ ನಂಗಿ?"

"ಮಳೆಗೆ."

"ನನ್ನ ಮೊದಲನೇ ಗಂಡ ಇನ್ನೊಬ್ಬಳನ್ನ ತಂದ. ನಮ್ಮಪ್ಪ ಎತ್ತಿನ ಗಾಡಿ ಕಟ್ಟಿಕೊಂಡು ಬಂದು, ಒಳಗೂ ಬರದೆ, ಹತ್ತು ಅಂದ. ಹತ್ತಿದೆ. ಆಮೇಲೆ ಇವನು ಬಂದ. ನಮ್ಮ ಬೆಟ್ಟದ ಕಡೆ ಎರಡು ತರಹ ಮದುವೆ. ಹೆಣ್ಣು ಗಂಡಿನ ಮನೆಗೆ ಹೋಗೋದು ಒಂದು. ಗಂಡು ಹೆಣ್ಣಿನ ಮನೆಗೆ ಬರೋದು ಒಂದು. ಹಾಗೆ ಬಂದ ಗಂಡಸು ಬಾಗಿಲ ಹತ್ತಿರ ಕೊಡೆ, ಲಾಂದ್ರ, ಕೋಲು ಇಟ್ಟುಕೊಂಡೇ ಇರಬೇಕು. ಮಳೆ ಬರಲಿ, ಕತ್ತಲಾಗಲಿ, ಕಾಲುನೋವಿರಲಿ, ಹೋಗು ಅಂದ ತಕ್ಷಣ ಹೊರಡಬೇಕಲ್ಲ!"

ಒಳಗಿನಿಂದ ಬಂಡಾ, "ಈಗ ಹೋಗಲಾ?" ಅಂತ ಕೂಗಿದ.

"ಇನ್ನೂ ಹಿಟ್ಟು ರುಬ್ಬಿಲ್ಲ ನೀನು. ರುಬ್ಬಿ ಹೋಗು."

ನಾನು ನಕ್ಕುಬಿಟ್ಟೆ. ಸುದ್ದಿ ಬಂದ ಮೇಲೆ ಅದೇ ಮೊದಲ ನಗು. ಸೆರಗು ಬಾಯಿಗಿಟ್ಟುಕೊಂಡು ನಕ್ಕೆ, ಪಾಪ ಗಂಡಸು, ಹೀಗೂ ಬದುಕುವುದುಂಟೇ ಅಂತ. ಕಿರಿಮೆಣಿಕೆ ಮಾತ್ರ ನಗಲಿಲ್ಲ. "ನಿನ್ನ ಅಪ್ಪ ಗಾಡಿ ಕಟ್ಟುತ್ತಾನಾ?" ಅಂತ ಕೇಳಿದಳು.

"ಕಟ್ಟುತ್ತಾನೆ. ಗೌರೀನ ತಂದು ಬಿಡೋದಕ್ಕೆ" ಅಂದೆ.

ಸಮುದ್ರದ ದಡ

ಅಲ್ಲಿ ರೈಲು ಸಮುದ್ರದ ಅಂಚಿನಲ್ಲೇ ಓಡುತ್ತದೆ. ಅಲೆ ಜೋರಾದರೆ ಡಬ್ಬಿಗೆ ನೀರು ಸಿಡಿಯುತ್ತದೆ. ಗಿರಣಿ ಬಿಟ್ಟ ಸಂಜೆಗಳಲ್ಲಿ ನಾವಿಬ್ಬರೂ ಹಳಿ ದಾಟಿ ಬಂಡೆಗಳ ಮೇಲೆ ಕೂರುತ್ತಿದ್ದೆವು. ನಮ್ಮೂರಲ್ಲಿ ಗಂಡನ ಪಕ್ಕ ಕೂತು ಬಯಲಲ್ಲಿ ಕಡಲೆ ತಿಂದ ಹೆಂಗಸನ್ನು ನಾನು ನೋಡಿಲ್ಲ. ಅಲ್ಲಿ ಬೇಯಿಸಿದ ಕಡಲೆಗೆ ಕಾಯಿಚೂರು, ಒಣಮೆಣಸಿನಕಾಯಿ ಹಾಕಿ ಕಾಗದದ ಪೊಟ್ಟಣದಲ್ಲಿ ಕೊಡುತ್ತಾರೆ. ಯಜಮಾನರು ಮೆಣಸಿನಕಾಯಿಗಳನ್ನು ಆರಿಸಿ ತಾವು ತಿಂದು, ಕಡಲೆಯನ್ನು ನನ್ನ ಕಡೆ ತಳ್ಳುತ್ತಿದ್ದರು.

ಅವರು ಕೆಟ್ಟವರಲ್ಲ. ಅದೇ ನನಗೆ ದೊಡ್ಡ ಕಷ್ಟವಾಯಿತು. ಕೆಟ್ಟವರಾಗಿದ್ದರೆ ಮನಸ್ಸಿನಲ್ಲಿ ಬೈದು ಹಗುರಾಗಬಹುದಿತ್ತು. ತಿಂಗಳಲ್ಲಿ ನಾನು ಹೊರಗೆ ಕೂತ ಮೂರು ದಿನ ಕೊಲಂಬೊದಲ್ಲಿ ಅವರೇ ಅಡುಗೆ. ಬೇರೆ ಯಾರಿದ್ದರು? ಲುಂಗಿ ಎತ್ತಿ ಕಟ್ಟಿ ತುರಿಮಣೆಯ ಮೇಲೆ ಕೂತು, ನಾಲಿಗೆ ಕಚ್ಚಿಕೊಂಡು ಕಾಯಿ ತುರಿಯುತ್ತಿದ್ದರು. "ಕರಟದ ತನಕ ಹೋಗಬೇಡಿ" ಅಂತ ನಾನು ಮೂಲೆಯಿಂದ ಹೇಳಬೇಕು. "ಮಗ್ಗದ ಮೇಸ್ತ್ರಿಗೇ ಹೇಳಿಕೊಡ್ತೀಯಾ?" ಅಂತ ಅವರು ಅನ್ನಬೇಕು. ಬೇಯದ ಅನ್ನ, ಉಪ್ಪು ಹೆಚ್ಚಾದ ಸಾರು. ಆ ಊಟದ ರುಚಿ ನನಗೆ ಮತ್ತೆ ಸಿಕ್ಕಿಲ್ಲ.

ಸುದ್ದಿ ಬಂದ ಮೇಲೂ ನಾವು ಸಂಜೆ ಹೋಗುವುದನ್ನು ಬಿಡಲಿಲ್ಲ. ಅವರಿಗೆ ಅದು ಅಭ್ಯಾಸ. ನಾನು ಮಾತ್ರ ಕಡಲೆಯ ಒಂದೊಂದು ಕಾಳನ್ನೂ ಹಲ್ಲಿನಲ್ಲಿ ಒಡೆದು, ಸಿಪ್ಪೆ ಬಿಡಿಸಿ, ನಿಧಾನವಾಗಿ ತಿನ್ನುತ್ತಿದ್ದೆ.

"ಬೇಗ ತಿನ್ನು, ಕತ್ತಲಾಗುತ್ತೆ."

"ಆಗಲಿ ಬಿಡಿ."

"ಊರಿಗೆ ಹೋದ್ಮೇಲೆ ಇದೆಲ್ಲ ಸಿಗಲ್ಲ ಅಂತ ಬೇಜಾರಾ? ಕಡಲೆ ಅಲ್ಲೂ ಸಿಗುತ್ತೆ ಕಣೆ."

ಅವರು ನಿಜವಾಗಿಯೂ ಕಡಲೆಯ ಬಗ್ಗೆಯೇ ಹೇಳಿದ್ದು. ಆ ಮನುಷ್ಯ ಮಗ್ಗದಲ್ಲಿ ಒಂದು ಎಳೆ ತುಂಡಾದರೆ ಶಬ್ದದಲ್ಲೇ ಕಂಡುಹಿಡಿಯುತ್ತಿದ್ದರು.

ಮುರುಗನ ಗುಡಿ

ನಮ್ಮ ತೂಬಗೆರೆಯಿಂದ ಘಾಟಿ ಸುಬ್ರಹ್ಮಣ್ಯ ದೂರವಲ್ಲ. ಮಕ್ಕಳಿಲ್ಲದವರು ನಾಗರಕಲ್ಲು ಹಾಕಿಸುವ ಕ್ಷೇತ್ರ. ನಾನೂ ಹಾಕಿಸಿದ್ದೆ. ಕೊಲಂಬೊಗೆ ಬಂದ ಮೇಲೆ ಅದೇ ಸ್ವಾಮಿ ಇಲ್ಲಿ ಮುರುಗನಾಗಿ, ವೇಲಾಯುಧ ಹಿಡಿದು ನಿಂತಿದ್ದಾನೆಂದು ಗೊತ್ತಾಗಿ ಪ್ರತಿ ಶುಕ್ರವಾರ ಹೋಗುತ್ತಿದ್ದೆ. ಸಿಂಹಳದವರೂ ಅವನಿಗೆ ಹರಕೆ ಹೊರುತ್ತಾರೆ. ಬುದ್ಧನ ಗುಡಿಗೆ ಬಿಳಿ ಹೂ, ಇವನಿಗೆ ಕೆಂಪು ಹೂ. ಯಾವ ದೇವರಿಗೂ ಬೇಜಾರಾಗದ ಹಾಗೆ ನಡೆದುಕೊಳ್ಳುವ ಜನ.

ಕೊನೆಯ ಶುಕ್ರವಾರ ಕಿರಿಮೆಣಿಕೆಯೂ ಜೊತೆಗೆ ಬಂದಳು. ಗರ್ಭಗುಡಿಯ ಪರದೆಯ ಮೇಲೆ ಸ್ವಾಮಿಯ ಚಿತ್ರ. ಎಡಕ್ಕೊಬ್ಬಳು ಹೆಂಡತಿ, ಬಲಕ್ಕೊಬ್ಬಳು. ಎಷ್ಟೋ ಸಲ ನೋಡಿದ್ದೆ. ಆ ದಿನ ನನ್ನ ಕಣ್ಣು ಸ್ವಾಮಿಯ ಮೇಲೆ ನಿಲ್ಲಲೇ ಇಲ್ಲ. ಅವರಿಬ್ಬರಲ್ಲಿ ಮೊದಲು ಬಂದವಳು ಯಾರು ಅಂತ ನೋಡುತ್ತಿದ್ದೆ. ಚಿತ್ರ ಬರೆದವನು ಇಬ್ಬರಿಗೂ ಒಂದೇ ನಗು ಕೊಟ್ಟಿದ್ದ.

"ಏನು ಬೇಡಿಕೊಂಡೆ?" ಅಂತ ಕಿರಿಮೆಣಿಕೆ ಕೇಳಿದಳು.

"ಘಾಟಿಯಲ್ಲಿ ಇವನು ಹಾವಾಗಿ ಒಬ್ಬನೇ ಇದ್ದಾನೆ. ಬೆನ್ನಿಗೆ ನರಸಿಂಹಸ್ವಾಮಿ ಇದ್ದಾನೆ, ಹೆಂಡಿರಿಲ್ಲ. ಅಲ್ಲಿಗೆ ಹೋಗಿಯೇ ಬೇಡಿಕೊಳ್ತೀನಿ. ಇಲ್ಲಿ ಕೇಳಿದರೆ ಅವನಿಗೆ ನನ್ನ ಕಷ್ಟ ತಿಳಿಯಲ್ಲ."

ದೇವರ ಬಗ್ಗೆ ಹಾಗೆ ಅಂದಿದ್ದಕ್ಕೆ ಕೂಡಲೇ ಕೆನ್ನೆ ತಟ್ಟಿಕೊಂಡೆ. ಕಿರಿಮೆಣಿಕೆ ನನ್ನ ಕೈ ಹಿಡಿದು, "ಇಲ್ಲೇ ಇದ್ದುಬಿಡು. ನನ್ನ ಜೊತೆ ಆಪ್ಪ ಸುಡು. ಒಲೆ ದೊಡ್ಡದಿದೆ" ಅಂದಳು. ಸುಮ್ಮನೆ ಅಂದಿದ್ದಲ್ಲ. ನಾನು ಹೂಂ ಅಂದಿದ್ದರೆ ಅವತ್ತೇ ಚಾಪೆ ಹಾಸುತ್ತಿದ್ದಳು.

"ನಾನು ಹೋಗದಿದ್ದರೆ ಗೌರಿ ಒಬ್ಬಳೇ ಆಗ್ತಾಳೆ ಅಕ್ಕ. ನಾನಿಲ್ಲ ಅಂದರೆ ಕಟ್ಟಳೆಗೂ ಏನೋ ದಾರಿ ಹುಡುಕಿ, ನನ್ನ ಬದಲು ಬೇರೆ ಯಾರಾದರೂ ಕಾಯಿ ಹಾಕಿಬಿಟ್ಟಾರು."

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. ಬಂದ ಮೇಲೆ ಅದೇ ನಿಜ ಅನ್ನಿಸಿತು. ಆದರೆ ಹೋಗಿ ಏನು ಮಾಡುತ್ತೇನೆ ಅನ್ನುವುದು ನನಗಿನ್ನೂ ತಿಳಿದಿರಲಿಲ್ಲ.

ಹೊರಡುವ ದಿನ ಸ್ಟೇಷನ್ನಿನಲ್ಲಿ ಮಳೆ. ಕಿರಿಮೆಣಿಕೆ ಒಂದು ಗೋಣಿಯಲ್ಲಿ ಸುತ್ತಿ ತನ್ನ ತುರಿಮಣೆಯನ್ನೇ ತಂದಿದ್ದಳು. ನನ್ನದು ಬಾಡಿಗೆ ಮನೆಯದು, ಅಲ್ಲೇ ಬಿಡಬೇಕಾಗಿತ್ತು. ಬಂಡಾ ತನ್ನ ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದುಕೊಂಡು ಡಬ್ಬಿಯ ತನಕ ಬಂದ. ಹತ್ತಿದ ಮೇಲೆ ಅದನ್ನು ಮಡಿಸಿ ಕಿಟಕಿಯಿಂದ ಒಳಗೆ ತಳ್ಳಿದ.

"ಅಯ್ಯೋ, ಇದು ನಿಮ್ಮದಲ್ಲವೇ? ಬಾಗಿಲ ಪಕ್ಕದ್ದು?"

"ಇವನಿಗೆ ಹೊಸದು ಕೊಡಿಸ್ತೀನಿ" ಅಂದಳು ಕಿರಿಮೆಣಿಕೆ. "ಅಲ್ಲಿಯ ತನಕ ಮನೆಯಲ್ಲೇ ಬಿದ್ದಿರ್ತಾನೆ. ಇದು ನಿನಗೆ."

ತಲೈಮನ್ನಾರ್, ಧನುಷ್ಕೋಡಿ

ಆ ತುದಿಯಲ್ಲಿ ಸಿಲೋನು ಮರಳಾಗಿ ಮುಗಿಯುತ್ತದೆ, ಈ ತುದಿಯಲ್ಲಿ ನಮ್ಮ ದೇಶ ಮರಳಾಗಿ ಶುರುವಾಗುತ್ತದೆ. ಮಧ್ಯೆ ಬೆಳಗಿನ ಹೊತ್ತಿನ ಹಡಗು. ರಾಮದೇವರು ಕಟ್ಟಿದ ಸೇತುವೆ ಇಲ್ಲೇ ನೀರಿನ ಕೆಳಗಿದೆ ಅಂತ ಯಾರೋ ತೋರಿಸಿದರು. ನಾನು ಕೈ ಮುಗಿದೆ. ಸೀತಮ್ಮನೂ ಹೀಗೆಯೇ ದ್ವೀಪದಿಂದ ಮನೆಗೆ ಹೊರಟವಳು. ಮನೆಯಲ್ಲಿ ಏನು ಕಾದಿದೆ ಅಂತ ತಾಯಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅದೊಂದು ಅನುಕೂಲ.

ಧನುಷ್ಕೋಡಿಯಲ್ಲಿ ಸುಂಕದವನು ಗೋಣಿ ಬಿಚ್ಚಿಸಿ ತುರಿಮಣೆಯ ಹಲ್ಲು ನೋಡಿ ಹಿಂದೆ ಸರಿದ.

"ಏನಿದು? ಆಯುಧವೋ?"

ಯಜಮಾನರು ತಮಿಳಿನಲ್ಲಿ ವಿವರಿಸಿದರು. ಅವನು ನಂಬಲಿಲ್ಲ. ಜನ ಸೇರಿದರು. ನನಗೆ ರೇಗಿಹೋಯಿತು. ತುರಿಮಣೆಯನ್ನು ಮರಳ ಮೇಲಿಟ್ಟು ಅದರ ಮೇಲೆ ಕೂತು, ಬುಟ್ಟಿಯಲ್ಲಿದ್ದ ಕಾಯಿಹೋಳು ತೆಗೆದು ಅಲ್ಲೇ ತುರಿದು ತೋರಿಸಿದೆ. ಸುಂಕದವನು ಅಂಗೈ ಒಡ್ಡಿದ. ಒಂದು ಹಿಡಿ ಹಾಕಿದೆ. ಬಾಯಿಗೆ ಹಾಕಿಕೊಂಡು, "ಹೋಗಮ್ಮಾ" ಅಂದ. ಸುತ್ತ ನಿಂತವರು ನಕ್ಕರು. ಯಜಮಾನರೂ ನಕ್ಕರು. "ನೀನೊಬ್ಬಳಿದ್ದರೆ ಸಾಕು ಕಣೆ" ಅಂದರು.

ರೈಲಿನಲ್ಲಿ ಆ ಮಾತನ್ನು ಬಹಳ ಸಲ ತಿರುವಿ ನೋಡಿದೆ. ಸಾಕು ಅಂದವರು ಇವರೇ.

ದೊಡ್ಡಬಳ್ಳಾಪುರ

ಬೀದಿಗೆ ಕಾಲಿಡುತ್ತಿದ್ದ ಹಾಗೆ ಮಗ್ಗದ ಕುಳಿಗಳಿಂದ ಟಕಟಕ ಶಬ್ದ. ಮೂರನೆಯ ಮನೆಯ ಜಗಲಿಯಲ್ಲಿದ್ದ ಹೆಂಗಸು, "ಬಂದ್ರಾ? ಮಕ್ಕಳೆಷ್ಟು?" ಅಂದಳು. ಭುಜದ ಭಾರ ಬಂದು ತನ್ನ ಜಾಗದಲ್ಲಿ ಕೂತಿತು.

ಅತ್ತೆ ಕಾಲಿಗೆ ನೀರು ಕೊಟ್ಟು ಒಳಗೆ ಕರೆದರು. ಕೊಡೆ ನೋಡಿ, "ಇದ್ಯಾಕೆ? ನಮ್ಮೂರಲ್ಲಿ ಎಲ್ಲೈತೆ ಮಳೆ?" ಅಂದರು. ತುರಿಮಣೆಗೆ, "ಗಂಡಸಿನ ಹಂಗೆ ಇದ್ರ ಮ್ಯಾಲೆ ಕೂತ್ಕಂತಿದ್ಯಾ?" ಅಂದರು. ಊಟಕ್ಕೆ ಯಜಮಾನರು ಒಬ್ಬರೇ ಮಣೆ ಮೇಲೆ ಕೂತರು, ನಾನು ಬಾಗಿಲ ಹಿಂದೆ ನಿಂತೆ. ಅವರು ಒಂದು ಸಲ ನನ್ನ ಕಡೆ ನೋಡಿ, ಅತ್ತೆ ಇರುವುದು ನೆನಪಾಗಿ ತಟ್ಟೆ ನೋಡಿದರು. ಇಷ್ಟು ವರ್ಷ ಮೆಣಸಿನಕಾಯಿ ಆರಿಸಿ ತಿಂದ ಮನುಷ್ಯ ಎಲ್ಲಿ ಇಳಿದುಹೋದರೋ, ಧನುಷ್ಕೋಡಿಯಲ್ಲೋ ಬೆಂಗಳೂರಿನಲ್ಲೋ, ನಾನು ಗಮನಿಸಲಿಲ್ಲ.

ಕಿರಿಮೆಣಿಕೆಯ ಮನೆಯ ಮೊಳೆ ಆಗ ಕಣ್ಣ ಮುಂದೆ ಬಂತು. ಆ ಗಂಡಸಿನ ಪಾಡಿಗೆ ನಾನು ಸೆರಗು ಮುಚ್ಚಿ ನಕ್ಕಿದ್ದೆನಲ್ಲ! ಅವನಂಥವರು ಅವರ ಬೆಟ್ಟದ ಕಡೆ ಯಾರೋ ಕೆಲವರು. ಹೋಗು ಅಂದರೆ ಹೊರಡಬೇಕಾದವಳು ನಮ್ಮ ಬೀದಿಯಲ್ಲಿ ಮನೆಗೊಬ್ಬಳಿದ್ದಳು, ಕೊಡೆ ಮಾತ್ರ ಯಾರ ಹತ್ತಿರವೂ ಇರಲಿಲ್ಲ.

ತೂಬಗೆರೆ

ಶಾಸ್ತ್ರಕ್ಕೆ ದಿನ ಗೊತ್ತುಮಾಡಿ ಎಲ್ಲರೂ ಗಾಡಿಯಲ್ಲಿ ತೂಬಗೆರೆಗೆ ಹೋದೆವು. ಅಪ್ಪ ಹಿರಿಯರಿಗೆ ಕಂಬಳಿ ಹಾಸಿದ್ದರು. ನನ್ನನ್ನು ಕಂಡು, "ದೇವರು ದೊಡ್ಡೋನು ಕಣಮ್ಮಾ. ಇಬ್ರೂ ಒಂದೇ ಮನೇಲಿರ್ತೀರಿ" ಅಂದು ಕಣ್ಣು ಒರೆಸಿಕೊಂಡರು. ನಾನು ಕಾಲಿಗೆ ಬಿದ್ದೆ.

ಗೌರಿ ಹಿತ್ತಲಲ್ಲಿ ತಲೆ ಬಾಚಿಸಿಕೊಳ್ಳದೆ ನನಗಾಗಿ ಕಾದಿದ್ದಳು. ನಾನೇ ಬಾಚಬೇಕಂತೆ. ಮುಂದೆ ಕೂರಿಸಿಕೊಂಡು ಸಿಕ್ಕು ಬಿಡಿಸಿದೆ.

"ಅಕ್ಕ, ಸಮುದ್ರ ನಮ್ಮ ಕೆರೆಗಿಂತ ದೊಡ್ಡದಾ?"

"ದೊಡ್ಡದು."

"ಆಚೆ ದಡ ಕಾಣಲ್ವಾ?"

"ಕಾಣಲ್ಲ. ಗೌರಿ, ನಿನಗೆ ಇದು ಒಪ್ಪಿಗೆನಾ? ನಿಜ ಹೇಳು."

ಅವಳು ಕತ್ತು ತಿರುಗಿಸಿದಳು. ಮುಖದಲ್ಲಿ ಒಂದು ಚೂರೂ ಅಂಜಿಕೆಯಿಲ್ಲ. "ನೀನಿರ್ತೀಯಲ್ಲ, ಅದಕ್ಕೇ ಹೂಂ ಅಂದೆ. ಬೇರೆಯೋರ ಮನೆಗಾದ್ರೆ ಭಯ. ನಿನ್ನ ಪಕ್ಕಾನೇ ಮಲಗ್ತೀನಿ ಅಕ್ಕ, ಮೊದ್ಲಿನ ಹಂಗೆ. ಕಾಲು ಹಾಕ್ದೆ ಅಂತ ಒದೀಬಾರ್ದು, ಆಂ?"

ಜಡೆಯ ಮೂರು ಎಳೆ ನನ್ನ ಕೈಯಲ್ಲಿದ್ದವು. ಹೆಣೆದು ಮುಗಿಸಿದೆ. ಹೂ ಮುಡಿಸಿದೆ. ಮನಸ್ಸಿನಲ್ಲಿ ಘಾಟಿಯ ಸ್ವಾಮಿಯನ್ನು ನೆನೆದೆ, ಏನೂ ಬೇಡಲಿಲ್ಲ. ಬೇಡಬೇಕಾದ್ದು ಏನೂ ಉಳಿದಿರಲಿಲ್ಲ. ಮಾಡಬೇಕಾದ್ದು ಮಾತ್ರ ಇತ್ತು.

ಒಳಗೆ ಹಿರಿಯರು ಕೂತಿದ್ದರು. ಗೌರಿಯನ್ನು ಮಣೆ ಮೇಲೆ ಕೂರಿಸಿದರು. ಅವಳು ಮಡಿಲು ಒಡ್ಡಿದಳು. ಅತ್ತೆ ಅರಿಸಿನ ಹಚ್ಚಿದ ತೆಂಗಿನಕಾಯಿಯನ್ನು ನನ್ನ ಕೈಗಿಟ್ಟರು. ಜುಟ್ಟು ಬಿಟ್ಟ, ತುಂಬಿದ ಕಾಯಿ. ಕಿವಿಯ ಹತ್ತಿರ ಅಲ್ಲಾಡಿಸಿದರೆ ನೀರು ಮಾತಾಡುತ್ತಿತ್ತು. ನಾನು ಅದನ್ನು ಹಿಡಿದುಕೊಂಡು ಅಡುಗೆಮನೆಗೆ ನಡೆದೆ. ಏನೋ ಮರೆತಿದ್ದಾಳೆ ಅಂದುಕೊಂಡಿರಬೇಕು, ಯಾರೂ ತಡೆಯಲಿಲ್ಲ. ಒರಳುಕಲ್ಲಿನ ಅಂಚಿಗೆ ಒಂದೇಟು ಹಾಕಿದೆ. ಕಾಯಿ ಎರಡು ಹೋಳಾಯಿತು. ತೀರಿಹೋದ ಅಮ್ಮನ ಈಳಿಗೆಮಣೆ ಎಳೆದುಕೊಂಡು ತುರಿಯಲು ಕೂತೆ.

ಶಬ್ದ ಕೇಳಿ ಅತ್ತೆ ಓಡಿ ಬಂದರು. ಹಿಂದೆ ಅಪ್ಪ, ಯಜಮಾನರು.

"ಏನೇ ಇದು ಅನಿಷ್ಟ? ಮಡಿಲಿನ ಕಾಯಿ ಒಡೆದ್ಬಿಟ್ಟಲ್ಲೇ!"

"ಸಾರಿಗೆ ಬೇಕಿತ್ತು ಅತ್ತೆ."

"ಇನ್ನೊಂದು ಕಾಯಿ ತನ್ನಿ" ಅಂದರು ಅಪ್ಪ, ಯಾರ ಮುಖವನ್ನೂ ನೋಡದೆ.

"ತನ್ನಿ. ಅದನ್ನೂ ಒಡೀತೀನಿ."

ಹಿರಿಯರಲ್ಲಿ ಒಬ್ಬರು ಬಾಗಿಲಿಗೆ ಬಂದು ನೋಡಿ, ಹೆಗಲ ಮೇಲೆ ಟವಲು ಹಾಕಿಕೊಂಡು, "ನಡೀರಪ್ಪಾ. ಅವಳ ಕೈ ಬೀಳ್ದೆ ನಮ್ದೇನಿಲ್ಲ ಇಲ್ಲಿ" ಅಂದರು. ಯಜಮಾನರು ನನ್ನ ಕೈಯನ್ನು ನೋಡುತ್ತಿದ್ದರು. ಅವತ್ತು ಒಂದು ಚೂರೂ ಕಂದು ಬೀಳಲಿಲ್ಲ.

ಮತ್ತೆ ದೊಡ್ಡಬಳ್ಳಾಪುರ

ಅಪ್ಪ ಆಮೇಲೆ ನನ್ನನ್ನು ಹಬ್ಬಕ್ಕೆ ಕರೆಯಲಿಲ್ಲ. ಯಜಮಾನರು ಊಟಕ್ಕೆ ಕೂತಾಗ "ಉಪ್ಪು", "ಮಜ್ಜಿಗೆ" ಎಂಬ ಎರಡು ಮಾತು ಆಡುತ್ತಿದ್ದರು. ಮುಂದಿನ ಶ್ರಾವಣದೊಳಗೆ ಅತ್ತೆ ಜಡಿಗೇನಹಳ್ಳಿಯಿಂದ ಒಂದು ಹುಡುಗಿಯನ್ನು ಹುಡುಕಿದರು. ಅವಳ ಮಡಿಲಿಗೆ ಕಾಯಿ ಹಾಕಿದ್ದು ನಮ್ಮ ನಾದಿನಿ. ಮೊದಲನೆಯವಳ ಕೈ ಸಿಗದಿದ್ದರೆ ಮನೆಮಗಳ ಕೈಯೂ ನಡೆಯುತ್ತದಂತೆ. ಹೇಳಿದವರು ಅವತ್ತು ಟವಲು ಹೆಗಲಿಗೆ ಹಾಕಿಕೊಂಡು ಎದ್ದ ಹಿರಿಯರೇ. ಇದು ಮೊದಲೇ ಅವರಿಗೆ ಹೊಳೆದಿದ್ದರೆ ಗೌರಿ ಇವತ್ತು ಈ ಮನೆಯಲ್ಲಿರುತ್ತಿದ್ದಳು. ಆ ಒಂದು ದಿನದ ಮಟ್ಟಿಗೆ ಅವರ ಬುದ್ಧಿಗೆ ಮಂಕು ಕವಿಸಿದ ಸ್ವಾಮಿಗೆ 'ಹಾಲೆರೆಯುತ್ತೇನೆ' ಅಂತ ಹೇಳಿಕೊಂಡಿದ್ದೆ, ಎರೆದು ಬಂದೆ.

ಗೌರಿಯನ್ನು ದೇವನಹಳ್ಳಿ ಕಡೆಗೆ ಕೊಟ್ಟರು. ಗಂಡನ ಜೊತೆ ಬಾಯಿಗೆ ಬಾಯಿ ಕೊಟ್ಟು ಜಗಳವಾಡುತ್ತಾಳಂತೆ. ಕೇಳಿ ಸಂತೋಷವಾಯಿತು.

ಬಂದವಳ ಹೆಸರು ಚೆನ್ನಮ್ಮ. ಯಾರದೋ ಮಗಳು, ಯಾರದೋ ತಂಗಿ. ಅವಳಿಗಾಗಿ ಕಾಯಿ ಒಡೆಯುವ ಅಕ್ಕ ಇರಲಿಲ್ಲ. ಈಗ ಅತ್ತೆ ತಿಂಗಳು ತಿಂಗಳು ಅವಳ ಮುಖ ನೋಡುತ್ತಾರೆ. ಅವಳು ಹೊರಗೆ ಕೂತ ಮೂರು ದಿನ ನಾನು ಹಿತ್ತಲಿಗೆ ಊಟ ಒಯ್ಯುತ್ತೇನೆ. ನಾನು ಕೂತಾಗ ಅವಳು ತರುತ್ತಾಳೆ. ಯಜಮಾನರು ಈ ಮನೆಯಲ್ಲಿ ಒಲೆಯ ಹತ್ತಿರ ಬಂದವರೇ ಅಲ್ಲ.

ಹೋದ ವಾರ ಚೆನ್ನಮ್ಮ ಗುಡಿಸುತ್ತ ಬಂದು ಬಾಗಿಲ ಹತ್ತಿರ ನಿಂತಳು. ನಾನು ಕಿರಿಮೆಣಿಕೆಯ ತುರಿಮಣೆಯ ಮೇಲೆ ಕೂತಿದ್ದೆ.

"ಅಕ್ಕಾ, ಈ ಕೊಡೆ ಯಾವಾಗ್ಲೂ ಈ ಮೊಳೇಲೇ ಯಾಕೆ? ಬರೀ ದೂಳು ಹಿಡೀತದೆ. ಪೆಟ್ಟಿಗೆ ಮ್ಯಾಲಿಡ್ಲಾ?"

"ಬೇಡ ಕಣೆ. ಅಲ್ಲೇ ಇರಲಿ. ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡಿ."

"ಇನ್ನೊಂದಾ? ಅದ್ಯಾರಿಗೆ?"

"ನಿನಗೆ."

ಅವಳು ತಮಾಷೆ ಅಂದುಕೊಂಡು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನೂ ಹಾಗೆಯೇ ನಕ್ಕಿದ್ದೆ. ಒಂದು ಹೋಳು ಮುಗಿದಿತ್ತು. ಇನ್ನೊಂದನ್ನು ಕೈಗೆ ತೆಗೆದುಕೊಂಡೆ.